ಕೊರಳಿಗೆ ಹಚ್ಚಿ ನೋಡಿದ ಹಗ್ಗ

ಮಯೂರಿಯ ಬೆರಳು ಅವರ ಕೊರಳ ಮೇಲೆ ಸುತ್ತುತ್ತಿದೆ, ಸಣ್ಣಗೆ, ಗಾಜಿನ ಮೇಲೆ ಬಿದ್ದ ಹಾಲಿನ ಹನಿ ಒರೆಸುವ ಹಾಗೆ, ಉಗುರಿಗೆ ತಿಳಿಗುಲಾಬಿ ಬಣ್ಣ, ಒಂದು ಉಗುರಿನದು ಅರ್ಧ ಎದ್ದು ಹೋಗಿದೆ, ಬೆರಳೆತ್ತಿದಾಗಲೆಲ್ಲ ಫೋನಿನೊಳಗಿನ ಕೊರಳು ಇನ್ನಷ್ಟು ನುಣ್ಣಗಾಗಿ ಬೇರೆ ಯಾರದೋ ಆಗುತ್ತಿದೆ. ಆಜಿ, ಈ ಗೆರಿ ತಗದು ಬಿಡ್ತೀನಿ ಹಾಂ, ಉಗಾಚ ಲೋಕ ಬೋಲತಾತ, ಅಂದಳು ಮೊಮ್ಮಗಳು, ಸುಮ್ಮನೆ ಜನ ಮಾತಾಡುತ್ತಾರಂತೆ. ನಾನು ಹಾಂ ಎಂದೆನೋ ಹೂಂ ಎಂದೆನೋ, ಚಹಾದ ಬಸಿ ತುಟಿಯ ಹತ್ತಿರ ಇತ್ತು. ನಾಳೆಗೆ ನಮ್ಮ ಮನೆಯವರು ಹೋಗಿ ಒಂದು ವರ್ಷ, ಪೇಪರಿನಲ್ಲಿ ಪ್ರಥಮ ಪುಣ್ಯಸ್ಮರಣ ಎಂದು ಫೋಟೋ ಬರಬೇಕು, ಐದರೊಳಗೆ ಕಳಿಸಬೇಕಂತೆ, ಈಗ ನಾಲ್ಕು ಹತ್ತು. ಇದೇ ಫೋಟೋ ದೊಡ್ಡದು ಮಾಡಿಸಿ ಗೋಡೆಗೊಂದು, ಕೆಳಗೆ ಅಂಗಡಿಗೊಂದು. ಅಂದರೆ ಇನ್ನು ಎಲ್ಲಿಯೂ ಅವರ ಕೊರಳಲ್ಲಿ ಆ ಗೆರೆ ಇರುವುದಿಲ್ಲ, ಎಡಗಿವಿಯ ಕೆಳಗಿನಿಂದ ಗಂಟಲಿನವರೆಗೆ, ಬೆರಳಗಲ, ಸುತ್ತಲಿನ ಚರ್ಮಕ್ಕಿಂತ ಕಪ್ಪು, ಮುಟ್ಟಿದರೆ ಹಳೆಯ ಚಪ್ಪಲಿಯ ಒಳಮೈ ಹಾಗೆ ನುಣುಪು — ಐವತ್ತು ವರ್ಷದ ಗೆರೆ, ಅದು ಹೇಗೆ ಬಂತು ಎಂದು ನನಗೆ ಗೊತ್ತು, ಅದರಿಂದ ಅವರ ಹೆಣಕ್ಕೆ ಏನಾಯಿತು ಎಂದು ಊರಿಗೇ ಗೊತ್ತು, ಹಾಗಾದದ್ದು ನನ್ನ ಒಂದು ಮಾತಿನಿಂದ ಎಂಬುದು ಈ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತು. ಮಗ ನಿತಿನನಿಗೆ ಹೇಳಿಲ್ಲ, ಸೊಸೆಗೆ ಹೇಳಿಲ್ಲ, ಈ ಹುಡುಗಿಗಂತೂ ಇಲ್ಲ. ಇವಳು ಅಳಿಸಿಬಿಟ್ಟರೆ ಇನ್ನು ಹೇಳುವ ಕಾರಣವೇ ಉಳಿಯುವುದಿಲ್ಲ, ಬಸಿಯಲ್ಲಿ ಚಹಾ ಆರಿದೆ, ಕೆನೆ ಕಟ್ಟಿದೆ.

ಫೋಟೋದ ಕೆಳಗಿನದನ್ನು ಅವಳೇ ಓದಿ ಹೇಳಿದಳು, ಮರಾಠಿಯಲ್ಲಿ, ಕಷ್ಟಾಳು, ಪ್ರಾಣೀಪ್ರೇಮೀ, ಕುಟುಂಬವತ್ಸಲ, ಮೂರೇ ಶಬ್ದ ಆಜಿ, ಹೆಚ್ಚಿಗಿ ಜಾಗಾ ಇಲ್ಲ, ಚಾಲೇಲ ನಾ? ನಡೆಯುತ್ತದೆ, ಯಾಕೆ ನಡೆಯುವುದಿಲ್ಲ, ಮರಾಠಿಯಲ್ಲಿ ಕಷ್ಟಾಳು ಎಂದರೆ ಮೈಮುರಿದು ದುಡಿಯುವವನು, ನನ್ನ ಕಿವಿಗೆ ಮಾತ್ರ ಕಷ್ಟದ ಆಳು ಎಂದೇ ಕೇಳುತ್ತದೆ, ಕಷ್ಟವೆಂಬ ಯಜಮಾನನ ಮನೆಗೆ ಆಳಾಗಿ ನಿಂತವನು, ಐವತ್ತು ವರ್ಷದ ಮೇಲಾಯಿತು ಸೊಲ್ಲಾಪುರಕ್ಕೆ ಬಂದು, ಕಿವಿ ಇನ್ನೂ ವಿಜಾಪುರದ್ದೇ. ಮದುವೆಯಾಗಿ ಬಂದ ನಾಲ್ಕನೆಯ ದಿನ ಓಣಿಯಲ್ಲಿ ಯಾರೋ ಹೆಂಗಸು ಗಾಯ ಆಲೀ, ಗಾಯ ಆಲೀ ಎಂದು ಕೂಗಿದಳು, ಯಾರಿಗೋ ಗಾಯವಾಗಿದೆ ಎಂದು ನಾನು ಅರಿಶಿಣದ ಬಟ್ಟಲು, ಹಳೆಯ ಬಟ್ಟೆಯ ಚೂರು ಹಿಡಿದು ಮೆಟ್ಟಿಲಿಳಿದು ಓಡಿದೆ, ಹೊಸ ಸೀರೆಯ ನಿರಿಗೆ ಕಾಲಿಗೆ ಸಿಕ್ಕು ಬೀಳುವುದೊಂದು ಬಾಕಿ — ಕೆಳಗೆ ಬಿಳಿಯ ಆಕಳೊಂದು ನಿಂತು ಭಕ್ಕರಿ ತಿನ್ನುತ್ತಿತ್ತು, ಮರಾಠಿಯಲ್ಲಿ ಆಕಳೇ ಗಾಯ. ಅವರು ಅಂಗಡಿಯ ಕಟ್ಟೆಯ ಮೇಲೆ ಕುಳಿತು ಸದ್ದಿಲ್ಲದೆ ನಗುತ್ತಿದ್ದರು, ಭುಜ ಮಾತ್ರ ಅಲುಗುತ್ತಿತ್ತು, ಬಿ.ಎ. ಬಾಯಿ, ತಂದೀರಿ ಅಂದಮ್ಯಾಲ ಆಕಳ ಹಣಿಗೇ ಹಚ್ಚಿಬಿಡ್ರಿ, ಅಂದರು. ಹಚ್ಚಿದೆ, ಮತ್ತೇನು ಮಾಡುವುದು. ಬಿ.ಎ. ಬಾಯಿ ಎಂದೇ ಕೊನೆಯವರೆಗೂ ಕರೆದರು, ಮರಾಠಿಯಲ್ಲಿ ಬಾಯಿ ಎಂದರೆ ಹೆಂಗಸು, ಕನ್ನಡದ ಬಾಯಿಯೋ ಮರಾಠಿಯ ಬಾಯಿಯೋ ಹೇಳುತ್ತಿರಲಿಲ್ಲ. ಆ ದಿನದ ನಾಚಿಕೆಗೆ ನಾನೊಂದು ನೋಟುಬುಕ್ಕು ಇಟ್ಟೆ, ಎಡಕ್ಕೆ ಕನ್ನಡ, ಬಲಕ್ಕೆ ಮರಾಠಿ, ಹಚ್ಚು ಎಂದರೆ ಲಾವ, ಕುಂಕುಮ ಹಚ್ಚು, ಕುಂಕೂ ಲಾವ, ದೀಪ ಹಚ್ಚು, ದಿವಾ ಲಾವ, ಎಣ್ಣೆ ಹಚ್ಚು, ತೇಲ ಲಾವ, ಆಮೇಲೆ ಫೋನು ಬಂದಾಗ ಫೋನೂ ಹಾಗೆಯೇ, ಇಂಥ ಒಳ್ಳೆಯ ಜೋಡಿ ಇನ್ನೊಂದಿಲ್ಲ ಎಂದುಕೊಂಡಿದ್ದೆ, ಅರ್ಧ ಶತಮಾನ ಒಮ್ಮೆಯೂ ಕೈಕೊಡಲಿಲ್ಲ. ಬ್ಯಾಂಕಿನಲ್ಲಿ, ಸಾಲೆಯಲ್ಲಿ, ಬೀಗರ ಮುಂದೆ ಎಲ್ಲರೂ ನನ್ನನ್ನೇ ಮುಂದೆ ಮಾಡುತ್ತಿದ್ದರು, ಆಕಿ ಶುದ್ಧ ಮಾತಾಡ್ತಾಳ, ಅವರು ಹೇಳುತ್ತಿದ್ದರು, ನನಗೂ ಒಳಗೊಳಗೆ ಹಾಗೇ ಅನಿಸುತ್ತಿತ್ತು.

ಬೆರಳು ಈಗ ಕಿವಿಯ ಕೆಳಗೆ ಬಂದಿದೆ, ಅಲ್ಲಿಂದಲೇ ಹಗ್ಗ ಹೊರಡುತ್ತಿದ್ದದ್ದು. ಎತ್ತಿನ ಸಾಮಾನಿನ ಅಂಗಡಿ ನಮ್ಮದು, ಮೂಗುದಾರ, ಕೊಟ್ಟಿಗೆಯಲ್ಲಿ ಕಟ್ಟುವ ಕಣ್ಣಿ, ಗೆಜ್ಜೆಸರ, ಹಣೆಗೆ ಕಟ್ಟುವ ಗೊಂಡೆ, ಮನೆಯ ತುಂಬ ಪುಂಡಿನಾರಿನ ವಾಸನೆ, ಅನ್ನದಲ್ಲಿಯೂ ಅದೇ ವಾಸನೆ ಎಂದು ನನ್ನ ತಂಗಿ ಮೂಗು ಮುರಿಯುತ್ತಿದ್ದಳು. ವಾರಕ್ಕೊಮ್ಮೆ ಅವರು ಹಗ್ಗದ ಕಟ್ಟು ಹೊತ್ತುಕೊಂಡು ಅಕ್ಕಲಕೋಟೆಯ ಸಂತೆಗೆ ಹೋಗುವುದು, ಉಳಿದದ್ದನ್ನು ಎಸ್.ಟಿ. ಬಸ್ಸಿನ ಮೇಲೆ ಹಾಕಿ ವಾಗದರಿ, ಕರಜಗಿ. ಮದುವೆಯ ಮರುವರ್ಷ ಹಾಗೆ ಹೋದವರು ಎರಡು ದಿನ ಬರಲಿಲ್ಲ, ಅತ್ತೆ ಬಾಗಿಲಲ್ಲಿ ನಿಂತು ನಿಂತು ಕೊನೆಗೆ ಯಾರ ಕೈಯಲ್ಲೋ ಸುದ್ದಿ ಬಂತು, ನನ್ನ ಮಗ ಹೋರಿ ಬಾಣಂತನಾ ಮಾಡಾಕ ಹೋಗ್ಯಾನ ನೋಡವಾ, ಎಂದರು ನನಗೆ, ನಾನೇನೋ ತಪ್ಪು ಮಾಡಿದ ಹಾಗೆ. ವಾಗದರಿಯ ಗುರುಸಿದ್ಧ ಎಂಬ ರೈತನ ಹೋರಿಗೆ ಮೂಗಿನ ಹೊಳ್ಳೆ ಕೊರೆದು ಹುಣ್ಣಾಗಿ ಹುಳ ಬಿದ್ದಿತ್ತಂತೆ, ದಾರ ನಮ್ಮ ಅಂಗಡಿಯದು, ಮಾವನವರು ಆ ವರ್ಷ ಹೊಸದಾಗಿ ತರಿಸಿದ ಪ್ಲಾಸ್ಟಿಕ್ಕಿನ ಎಳೆ ಸೇರಿಸಿ ಹೊಸೆದದ್ದು. ಎರಡು ದಿನ ಅದರ ಮುಂದೆ ಕೂತು ಒಂದೊಂದೇ ಹುಳ ತೆಗೆದು ಬೇವಿನೆಣ್ಣೆ ಹಾಕಿದ್ದಾರೆ, ಮೂರನೆಯ ದಿನ ಬಂದವರು ಸ್ನಾನವನ್ನೂ ಮಾಡದೆ ಅಂಗಡಿಯ ಹಗ್ಗವನ್ನೆಲ್ಲ ಇಳಿಸಿ ಹಾಕಿದರು, ಮಂಚದ ಮೇಲೆ ಕೂತು ಗದ್ದ ಎತ್ತಿದರು, ಕಣ್ಣು ಮುಚ್ಚಿದರು, ಒಂದೊಂದನ್ನೇ ಎಡಗೊರಳಿಗೆ ಹಚ್ಚಿ ಎಳೆದರು, ಮುಂದೆ, ಹಿಂದೆ, ಮುಂದೆ — ಇದು ಸುಡತದ, ಆ ಕಡೆ ಒಗಿ, ಇದು ಆಗತದ. ಮಾವನವರು ನೋಡುತ್ತ ನಿಂತಿದ್ದರು, ಒಗೆದ ಹಗ್ಗವನ್ನು ತಾವೇ ಬಗ್ಗಿ ಎತ್ತಿಕೊಂಡು ಹಿತ್ತಲಿಗೆ ಒಯ್ದರು, ಆ ಬಗ್ಗಿದ ಬೆನ್ನು ನನಗೆ ನೆನಪಿದೆ. ಅಂದಿನಿಂದ ದಿನಾ ಮುಂಜಾನೆ, ನಾನು ಚಹಾ ಸೋಸುವಾಗ ಅವರ ಗದ್ದ ಮೇಲಿರುತ್ತಿತ್ತು. ಗುರುಸಿದ್ಧನೇ ಬಂದು ಚೇಷ್ಟೆ ಮಾಡುತ್ತಿದ್ದ, ಅಣ್ಣಾರ, ನೀವು ಹಚ್ಚಿ ನೋಡೂದು ಕೊರಳಿಗಿ, ಎತ್ತಿಗಿ ಹಾಕೂದು ಮೂಗಿಗಲ್ರಿ? ಮೂಗಿಗೂ ಹಾಕ್ಕೊತಿದ್ದೆನೋ ಗುರುಸಿದ್ಧ, ನಿಮ್ಮ ವೈನಿ ಬಿಡವಲ್ಲಳು. ಎತ್ತೇನು ತಕರಾರ ಹೇಳಾಕ ಬರತದೇನ್ರಿ ಅಂಗಡಿಗಿ? ಬರೂದಿಲ್ಲ, ಅದಕ್ಕ ನಾ ಹಚ್ಚಿ ನೋಡಾಕತ್ತೀನಿ. ವರ್ಷ ಎರಡು ವರ್ಷಕ್ಕೆ ಗೆರೆ ಮೂಡಿತು, ಹತ್ತು ವರ್ಷಕ್ಕೆ ನಾನು ಅದನ್ನು ನೋಡುವುದೇ ಬಿಟ್ಟೆ, ಮನೆಯ ಹೊಸ್ತಿಲು ಸವೆದದ್ದನ್ನು ಯಾರು ನೋಡುತ್ತಾರೆ.

ಕಷ್ಟಾಳು, ಹೌದು. ಪೇಟೆಯವರು ಹಾಗೆ ಹೇಳುತ್ತಿದ್ದದ್ದು ಅವರು ಸುಟ್ಟಿಯ ದಿನವೂ ಅಂಗಡಿಯ ಶಟರು ಎತ್ತುತ್ತಿದ್ದರು ಎಂದು, ಶಾಂತಪ್ಪಣ್ಣಗ ಸುಟ್ಟೀನ ಇಲ್ಲ ಬಿಡ್ರಿ, ಎಂದು, ಅದು ವ್ಯಾಪಾರಕ್ಕಲ್ಲ, ಅಂಗಡಿಯ ಜಂತಿಯಲ್ಲಿ ಗುಬ್ಬಿ ಗೂಡು ಕಟ್ಟಿತ್ತು, ಶಟರು ಗೇಣಷ್ಟು ಎತ್ತದಿದ್ದರೆ ತಾಯಿ ಗುಬ್ಬಿ ಒಳಗೆ ಬರುವುದು ಹೇಗೆ, ಗೇಣಷ್ಟು ಎತ್ತಿ, ಹೊರಗೆ ಸ್ಟೂಲು ಹಾಕಿಕೊಂಡು ಕಾವಲು ಕೂತು, ಸಂಜೆ ಇಳಿಸಿ ಬರುತ್ತಿದ್ದರು. ಒಳ್ಳೆಯವರ ಜೊತೆ ಬಾಳುವುದು ಜನ ತಿಳಿದಷ್ಟು ಸುಲಭವಲ್ಲ. ನಿತಿನನ ಹೆಸರಿಡುವ ದಿನ ಮಂದಿ ಎಲ್ಲ ಬಂದು ಕೂತರೂ ತಂದೆಯೇ ಇಲ್ಲ, ಒಂದು ತಾಸು ತಡವಾಗಿ ಬಂದರು, ಕರಜಗಿಯಿಂದ, ಚೀಲದಲ್ಲಿ ಕಾಲು ಮುರಿದ ನಾಯಿಮರಿ, ಕಂಡಕ್ಟರ ಏನೂ ಅನ್ನಲಿಲ್ಲ ಪಾಪ, ತನ್ನ ಸೀಟ ಬಿಟ್ಟ ಕೊಟ್ಟ, ಎಂದು ಮೊದಲು ಅವನ ಸುದ್ದಿ ಹೇಳಿ ಆಮೇಲೆ ಕೂಸಿನ ಮುಖ ನೋಡಿದರು. ಆದರೆ ತೊಟ್ಟಿಲ ಹಗ್ಗವನ್ನು ಮುಂಜಾನೆಯೇ ಕೊರಳಿಗೆ ಹಚ್ಚಿ ನೋಡಿ ಕಟ್ಟಿ ಹೋಗಿದ್ದರು, ಅದು ನನಗೆ ಅತ್ತೆ ಹೇಳಿದಾಗ ಗೊತ್ತಾಯಿತು. ಕುಟುಂಬವತ್ಸಲ, ಇರಲಿ, ಬರೆಯಲಿ. ಆಮೇಲೆ ಟ್ರ್ಯಾಕ್ಟರು ಬಂದವು, ಎತ್ತು ಕಡಿಮೆಯಾದವು, ನಿತಿನ ಲಾರಿಗೆ ಹೊದಿಸುವ ತಾಡಪತ್ರಿ, ನೈಲಾನು ಹಗ್ಗ ತಂದು ತುಂಬಿದ, ಅವರು ಬೇಡ ಎನ್ನಲಿಲ್ಲ, ಲಾರಿಗಿ ಕಟ್ಟು, ಜೀವಕ್ಕ ಕಟ್ಟಬ್ಯಾಡ, ಅಂದರು ಅಷ್ಟೇ, ಕೊನೆಕೊನೆಗೆ ವಾರಕ್ಕೆ ಎರಡೋ ಮೂರೋ ಹಗ್ಗ ಬರುತ್ತಿದ್ದವು, ಅವನ್ನೂ ಬಿಡಲಿಲ್ಲ.

ಅವರು ಹೋದದ್ದು ಗುರುವಾರ, ಆ ದಿನವೂ ಎರಡು ಹಗ್ಗ ಮೇಲೆ ತಂದಿದ್ದರು. ಮಂಚದ ಮೇಲೆ ಕೂತು, ಗದ್ದ ಎತ್ತಿ, ಕಣ್ಣು ಮುಚ್ಚಿ, ಮೊದಲಿನದು ಆಗತದ, ಅಂದರು, ಎರಡನೆಯದಕ್ಕೆ ಏನೂ ಅನ್ನಲಿಲ್ಲ, ಗೋಡೆಗೆ ಒರಗಿದರು, ನಾನು ಚಹಾ ತಂದು ಕೆಳಗಿಟ್ಟೆ, ಆರತದ ನೋಡ್ರಿ, ಅಂದೆ, ಆರಲಿ ಅನ್ನಲಿಲ್ಲ. ಹಗ್ಗ ಜಾರಿ ನೆಲದ ಮೇಲೆ ಬಿದ್ದಿತ್ತು. ನಮ್ಮ ಹಳೆಯ ಡಾಕ್ಟರು ಗುರುವಾರ ಅಕ್ಕಲಕೋಟೆಗೆ ದರ್ಶನಕ್ಕೆ ಹೋಗುತ್ತಾರೆ, ಹಾಗಾಗಿ ನಿತಿನ ಓಡಿಹೋಗಿ ಹಿಂದಿನ ಓಣಿಯಲ್ಲಿ ಹೊಸದಾಗಿ ದವಾಖಾನೆ ತೆರೆದ ಶೈಲೇಶ ಡಾಕ್ಟರನ್ನು ಕರೆತಂದ, ಮೂವತ್ತು ದಾಟಿರಲಿಕ್ಕಿಲ್ಲ, ಬಾಗಿಲಲ್ಲಿ ಬೂಟು ಕಳಚಿ, ಜೋಡಿಸಿ ಇಟ್ಟು ಒಳಗೆ ಬಂದ, ಅಂಥ ಹೊತ್ತಿನಲ್ಲಿ ಬೂಟು ಜೋಡಿಸಿ ಇಡುವವರು ಯಾರು. ನಾಡಿ ನೋಡಿದ, ಕಣ್ಣು ನೋಡಿದ, ಅಂಗಿಯ ಕಾಲರು ಸರಿಸಿದವನು ಹಾಗೆಯೇ ನಿಂತ. ನಿತಿನ ಆಗ ಮೆಟ್ಟಿಲ ಮೇಲೆ ನಿಂತು ಬೀಗರಿಗೆ ಫೋನು ಮಾಡುತ್ತಿದ್ದ, ಸೊಸೆ ಹಾಸಿಗೆ ಸುತ್ತುತ್ತಿದ್ದಳು. ಆಜಿ, ಗಳ್ಯಾಲಾ ಹೇ ಕಾಯ ಝಾಲಂ, ಕೊರಳಿಗೆ ಇದೇನಾಯಿತು, ಎಂದು ಮೆಲ್ಲಗೆ ಕೇಳಿದ. ನಿತಿನನನ್ನು ಕರೆಯಬಹುದಿತ್ತು, ಕರೆಯಲಿಲ್ಲ, ನನಗೆ ಬರುತ್ತದಲ್ಲ ಮರಾಠಿ. ಮುಂಜಾನೆ ಕೊರಳಿಗಿ ಹಗ್ಗ ಹಚ್ಚಿ ನೋಡಿದ್ರು, ಆಮ್ಯಾಲ ಒರಗಿದ್ರು, ಹ್ವಾದ್ರು, ಇಷ್ಟೇ ನನ್ನೊಳಗೆ ಇದ್ದದ್ದು, ಅದನ್ನು ಶಬ್ದಕ್ಕೆ ಶಬ್ದ ಜೋಡಿಸಿ ಆ ಕಡೆ ದಾಟಿಸಿದೆ, ಸಕಾಳೀ ಗಳ್ಯಾಲಾ ದೋರ ಲಾವೂನ ಬಘಿತಲಾ, ನಂತರ ಗೇಲೇ. ಒಂದು ಶಬ್ದವೂ ತಪ್ಪಿಲ್ಲ, ವ್ಯಾಕರಣ ಸರಿಯಿದೆ, ಹಚ್ಚು ಎಂದರೆ ಲಾವ. ಅವನ ಕಣ್ಣು ನೆಲದ ಮೇಲಿನ ಹಗ್ಗಕ್ಕೆ ಹೋಯಿತು. ಮರಾಠಿಯಲ್ಲಿ ಕೊರಳಿಗೆ ಹಗ್ಗ ಲಾವಿದರು ಎಂದರೆ ಒಂದೇ ಅರ್ಥ, ಉರುಲು, ಅದು ನನ್ನ ನೋಟುಬುಕ್ಕಿನಲ್ಲಿ ಇರಲಿಲ್ಲ.

ಆಮೇಲಿನದು ಬೇಗ ಬೇಗ ಆಯಿತು, ಪೋಲೀಸರಿಗೆ ತಿಳಿಸಬೇಕು, ನಿಯಮ, ಎಂದ ಡಾಕ್ಟರ. ನಿತಿನ ಕೂಗಾಡಿದ, ಅಹೋ, ಅಂಗಡಿಯ ಹಗ್ಗ ಪರೀಕ್ಷೆ ಮಾಡುತ್ತಿದ್ದರು, ಹಳೆಯ ಕಲೆ ಅದು, ಊರಿಗೆಲ್ಲ ಗೊತ್ತು, ಎಂದು. ಡಾಕ್ಟರ ನನ್ನ ಕಡೆ ಒಮ್ಮೆ ನೋಡಿದ. ನಿಮ್ಮ ತಾಯಿಯೇ ಹೇಳಿದರು ಎನ್ನಬಹುದಿತ್ತು, ಅನ್ನಲಿಲ್ಲ, ಕಲೆ ಇದೆ, ನನಗೆ ಬಿಡಲು ಬರುವುದಿಲ್ಲ, ಎಂದಷ್ಟೇ ಹೇಳಿ ಬೈಗುಳವನ್ನೆಲ್ಲ ನಿಂತು ಕೇಳಿಕೊಂಡ, ನಾನು ಹೀಗೆ ಹೇಳಿದ್ದೇನೆ ಎಂದು ಇಂದಿನವರೆಗೂ ನಿತಿನನ ಕಿವಿಗೆ ಹಾಕಿಲ್ಲ. ಬಂದ ಪೋಲೀಸಿನವ ನೀರು ಕುಡಿದು ಲೋಟವನ್ನು ತಾನೇ ತೊಳೆದಿಟ್ಟ. ದವಾಖಾನೆಗೆ ಒಯ್ದು ಕೊಯ್ದರು. ಇರುವೆಯ ಸಾಲು ಕಂಡರೆ ಕೊಡವನ್ನು ಸರಿಸಿ ಇಡುತ್ತಿದ್ದವರನ್ನು. ಮರುದಿನ ಹೃದಯ ನಿಂತದ್ದು, ಕೊರಳಿನ ಗೆರೆ ಹಳೆಯದು, ಸಾವಿಗೆ ಸಂಬಂಧವಿಲ್ಲ ಎಂದು ಬರೆದು ಕೊಟ್ಟರು, ಓಣಿಯಲ್ಲಿ ಯಾರು ಕಾಗದ ಓದುತ್ತಾರೆ. ನಮ್ಮಲ್ಲಿ ಕೂರಿಸಿ ಒಯ್ಯುವುದು, ಹೊಲಿಗೆ ಕಾಣಬಾರದೆಂದು ಶಾಲನ್ನು ಗದ್ದದವರೆಗೆ ಸುತ್ತಿದರು, ಕೊರಳು ಯಾಕೆ ಮುಚ್ಚಿದ್ದಾರೆ ಎಂದು ಅದಕ್ಕೊಂದು ಮಾತು. ಮೂರನೆಯ ದಿನ ಸೀತಾಬಾಯಿ, ಎದುರುಮನೆಯಾಕೆ, ನನ್ನ ಪಕ್ಕ ಕೂತು ಕೈ ಹಿಡಿದು, ಖರೇ ಹೇಳ್ರಿ ಕಸ್ತೂರಕ್ಕ, ಮನ್ಯಾಗ ಏನರೆ ಮಾತಿಗಿ ಮಾತ ಆಗಿತ್ತೇನು, ಅಂದಳು. ಹಗ್ಗ ಎಂದರೆ ಜನರ ಕಣ್ಣು ಬದಲಾಗುತ್ತದೆ ಎಂದು ನಿತಿನ ಎಲ್ಲರಿಗೂ ಲಿಂಗ ಕಟ್ಟುವ ಶಿವದಾರದ ಕಲೆ ಎಂದು ಹೇಳಲು ಶುರುಮಾಡಿದ, ಮನೆಯಲ್ಲಿ ಹಗ್ಗ ಎಂಬ ಶಬ್ದವೇ ನಿಂತಿತು, ಹಗ್ಗದ ಅಂಗಡಿ ಕೆಳಗಿದೆ. ಮಯೂರಿ ಪುಣೆಯ ಹಾಸ್ಟೆಲಿನಿಂದ ಅವರು ಹೋದ ದಿನವೇ ಸಂಜೆಗೆ ಬಂದಿದ್ದಳು, ಅವಳಿಗೂ ಶಿವದಾರವೇ. ಡಾಕ್ಟರ ಎದುರು ಬಂದರೆ ನಿತಿನ ಈಗಲೂ ರಸ್ತೆ ದಾಟುತ್ತಾನೆ, ನನ್ನಪ್ಪನ್ನ ಕೊಯ್ಸಿದವ, ಎನ್ನುತ್ತಾನೆ. ಹೋದ ತಿಂಗಳು ಮಂಡಿಯಲ್ಲಿ ನನ್ನ ಕಾಯಿಪಲ್ಯದ ಚೀಲ ಇಸಿದುಕೊಂಡು ರಿಕ್ಷಾದವರೆಗೆ ಹೊತ್ತು ತಂದ ಅದೇ ಡಾಕ್ಟರ ಹುಡುಗ, ಸಾವಕಾಶ ಆಜಿ, ಎಂದ, ಮೇಥಿಯ ಸೂಡು ಜಾರಿದ್ದನ್ನು ಎತ್ತಿ ಒಳಗೆ ತುರುಕಿದ, ನಾನು ಬಾಯಿ ತೆರೆದೆ, ರಿಕ್ಷಾ ಹೊರಟಿತು, ಅಥವಾ ನಾನೇ ಹೊರಡು ಎಂದೆನೇನೋ.

ಝಾಲಂ ಆಜಿ, ಬಘ, ಮುಗೀತು ನೋಡು, ಎಂದು ಮಯೂರಿ ಫೋನನ್ನು ನನ್ನ ಮುಖದ ಮುಂದೆ ಹಿಡಿದಿದ್ದಾಳೆ. ನಾಲ್ಕು ನಲವತ್ತು. ಕೊರಳಿದೆ, ಗೆರೆ ಇಲ್ಲ, ಒಂದು ದಿನವೂ ಅಂಗಡಿಯಲ್ಲಿ ಕೂಡದವರ ಕೊರಳು, ಯಾವ ಎತ್ತಿನದೂ ಗೊತ್ತಿಲ್ಲದ ಕೊರಳು. ಜನ ಏನಂತಾರ, ಅಂದೆ. ಜಾಊ ದೇ ನಾ ಆಜಿ, ಬಿಡು, ಅಂದಳು. ಇಲ್ಲ, ಏನಂತಾರ? ಅವಳು ನನ್ನನ್ನು ನೋಡದೆ ಉಗುರಿನ ಬಣ್ಣ ಕೆರೆದಳು, ಆಜೋಬಾ ತಾವ ತಮಗ — ಎಂದು ನಿಂತಳು, ಮುಂದಿನದನ್ನು ಯಾವ ಭಾಷೆಯಲ್ಲಿಯೂ ಹೇಳಲಿಲ್ಲ, ಪಪ್ಪಾ ಶಿವದಾರ ಅಂತಾರ, ಶಿವದಾರ ಅಷ್ಟ ಮ್ಯಾಲ ಕಿವಿತನಕ ಇರತದೇನ ಆಜಿ, ನಾ ಏನ ಸಣ್ಣಾಕಿ ಅಲ್ಲ, ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ, ಅಂದಳು. ವರ್ಷವಿಡೀ ಇದನ್ನು ಇಟ್ಟುಕೊಂಡು ಪುಣೆಯಲ್ಲಿ ಓದಿದ್ದಾಳೆ, ಪರೀಕ್ಷೆ ಬರೆದಿದ್ದಾಳೆ, ದೀಪಾವಳಿಗೆ ಬಂದು ನನ್ನ ಕಾಲು ಒತ್ತಿದ್ದಾಳೆ. ಸರಿಯಾದ ಶಬ್ದ ನನಗೆ ಸಿಕ್ಕದ್ದು ಅವರು ಹೋದ ಒಂಬತ್ತನೆಯ ದಿನ, ಕೆಲಸದವಳು ಹಿತ್ತಲಲ್ಲಿ ಪಾತೇಲಿ ತಿಕ್ಕುತ್ತಿದ್ದಳು, ಕರಕಲು ಹೋಗವಲ್ದು, ಚಾಂಗಲಂ ಘಾಸೂನ ಘೇತೇ, ಅಂದಳು, ಘಾಸೂನ, ತಿಕ್ಕಿ, ಉಜ್ಜಿ, ಅಷ್ಟೇ, ಅಲ್ಲಿಯೇ ಹೊಸ್ತಿಲಲ್ಲಿ ಕೂತೆ. ಘಾಸೂನ ಬಘಾಯಚೇ, ಎಂದೆ ಈಗ, ನನ್ನ ದನಿ ನನಗೇ ಸಾಲೆಯ ಹುಡುಗಿಯದರ ಹಾಗೆ ಕೇಳಿತು, ಗಳ್ಯಾಲಾ ದೋರ ಘಾಸೂನ ಬಘಾಯಚೇ, ಎತ್ತಿಗಿ ಸುಡತದೇನು ಅಂತ, ನಿಮ್ಮ ಆಜೋಬಾ ಒಂದೊಂದು ಹಗ್ಗ ತಮ್ಮ ಕೊರಳಿಗಿ ತಿಕ್ಕಿ ನೋಡಿ ಮಾರ್ಯಾರವಾ, ಐವತ್ತ ವರ್ಷ, ಅದರ ಗೆರಿ ಅದು. ನನ್ನ ಆಯ್‌ಡಿ ಕಾರ್ಡಿನ ಪಟ್ಟಿ, ಅಂದಳು ಮಯೂರಿ, ಸಾಲಿಯೊಳಗ ಹೊಸಾದು ಕೊಟ್ಟಾಗೆಲ್ಲ ಆಜೋಬಾ ಮೊದಲ ಇಸಕೊತಿದ್ರು, ಹಿಂಗ — ಗದ್ದ ಎತ್ತಿದಳು, ಎಡಗೊರಳ ಮೇಲೆ ಬೆರಳೆಳೆದಳು — ಒಂದ ಸಲ ಸುಡತದ ಅಂತ ಕತ್ತರಿಸಿ ಹತ್ತಿ ಲಾಡಿ ಹೊಲಿಸಿ ಕೊಟ್ರು, ವರ್ಗದಾಗ ಎಲ್ಲಾರೂ ನಕ್ಕಿದ್ರು, ನಾ ಚೇಷ್ಟಾ ಅಂದಕೊಂಡಿದ್ದೆ. ಅದು ನನಗೆ ಗೊತ್ತಿರಲಿಲ್ಲ, ಅವರು ಹೇಳಿರಲಿಲ್ಲ. ಮತ್ತ ಪೋಲೀಸ ಯಾಕ ಬಂದ್ರು, ಎಂದಳು ಮಯೂರಿ, ಈಗ ನನ್ನನ್ನೇ ನೋಡುತ್ತ, ಡಾಕ್ಟರಗ ಹಂಗ ಹೇಳಿದವರ ಯಾರು? ಗಡಿಯಾರದ ಸದ್ದಿದೆ, ಕೆಳಗೆ ನಿತಿನ ಯಾರಿಗೋ ತಾಡಪತ್ರಿ ಅಳೆದು ಹರಿಯುವ ಸದ್ದಿದೆ. ನಾನು, ಅಂದೆ. ಘಾಸೂನ ಅನ್ನೂದರ ಬದ್ಲಿ ಲಾವೂನ ಅಂದೆ. ಲಾವೂನ, ಎಂದಳು ಅವಳು ಬಾಯೊಳಗೇ, ಬಿಡಿಸಿ ಹೇಳಬೇಕಾಗಲಿಲ್ಲ, ಅವಳ ಮರಾಠಿ ಹುಟ್ಟಿನಿಂದ ಬಂದದ್ದು. ಫೋನನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಕ್ಕೆ ಹೋಗುವ ಬಾಗಿದ ಬಾಣವನ್ನು ಒತ್ತಿದಳು, ಇನ್ನೊಮ್ಮೆ, ಇನ್ನೊಮ್ಮೆ, ಅಳಿಸಿದ್ದು ಅಷ್ಟು ಸಲವೂ ತುಸು ತುಸುವೇ ಮರಳಿತು, ಗಂಟಲಿನಿಂದ ಕಿವಿಯ ಕಡೆಗೆ. ಕಳಸ್ಲ್ಯಾ, ಅಂದಳು. ಕಳಸು, ಅಂದೆ. ಪಪ್ಪಾಗ ಏನ ಹೇಳೂದು? ಹೇಳಬೇಕು, ಆ ಸದ್ದು ನಿಂತ ಮೇಲೆ ಅವನು ಮೇಲೆ ಬರುತ್ತಾನೆ, ಹಿಂದಿನ ಓಣಿಗೆ ಡಾಕ್ಟರನ ಹತ್ತಿರವೂ ಹೋಗಬೇಕು, ಚಪ್ಪಲಿ ಕಳಚಿ ಒಳಗೆ ಹೋಗಬೇಕು, ಯಾವ ಮಾತಿನಿಂದ ಶುರು ಮಾಡಲಿ, ಯಾವ ಭಾಷೆಯ ಯಾವ ಮಾತಿನಿಂದ — ಎತ್ತಿದ ಗದ್ದ, ಮುಚ್ಚಿದ ಕಣ್ಣು, ಎರಡನೆಯ ಹಗ್ಗ, ಮುಂದೆ ಬರುತ್ತದೆ, ಹಿಂದೆ ಹೋಗುತ್ತದೆ, ಮುಂದೆ, ಸುಡತದ ಎಂದಿಲ್ಲ, ಆಗತದ ಎಂದೂ ಇಲ್ಲ, ಎತ್ತಿದ ಗದ್ದ, ಮುಚ್ಚಿದ ಕಣ್ಣು